ಮೀನಿನ ತೊಟ್ಟಿಗೆ ಬೆಲ್ಲದ ಕೊಳೆ

ನಮ್ಮವ್ವನ ಬಲಗಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತು. ಆಪರೇಷನ್ನಿಗೆ ಅವಳು ಒಪ್ಪಿದ್ದಳು, ಆದರೆ ಒಂದು ಷರತ್ತು ಹಾಕಿದ್ದಳು. ಆಮೇಲೆ ಕಣ್ಣಿಗೆ ಡ್ರಾಪ್ಸ್ ಹಾಕುವುದಕ್ಕೆ ಮಗಳೇ ಬಂದು ಜೊತೆಗಿರಬೇಕು. ಸೊಸೆ ಬೆಳಿಗ್ಗೆಯೇ ಗಾರ್ಮೆಂಟ್ಸಿಗೆ ಹೊರಟುಬಿಡುತ್ತಾಳೆ, ಮಗನ ಕೈ ಒರಟು, ಕಣ್ಣಿಗೆ ಹಾಕು ಅಂದರೆ ಮೂಗಿಗೆ ಹಾಕುತ್ತಾನೆ. "ನೀನು ಬಂದಿದ್ರೆ ಮಾಡಿಸ್ಕತೀನಿ. ಇಲ್ದಿದ್ರೆ ಒಂಟಿ ಕಣ್ಣಲ್ಲೇ ಸಾಯ್ತೀನಿ, ನಿಂಗೇನು," ಎಂದು ಫೋನಿನಲ್ಲಿ ಹೇಳಿ ಅವಳೇ ಇಟ್ಟುಬಿಡುತ್ತಿದ್ದಳು.

ನನ್ನ ತವರು ಕಡಕೊಳದ ಪಕ್ಕದ ಹಳ್ಳಿ. ಮೈಸೂರಿನ ಅಶೋಕಪುರಂನ ನಮ್ಮ ಮನೆಯಿಂದ ಹೊರಟರೆ, ಬಸ್ಸಿನಲ್ಲಿ ಒಂದು ಪೊಟ್ಟಣ ಕಡ್ಲೆಕಾಯಿ ಮುಗಿಯುವುದರೊಳಗೆ ಊರು ಬಂದುಬಿಡುತ್ತದೆ. ಅಷ್ಟು ಹತ್ತಿರದ ತವರಿನಲ್ಲಿ ನಾನು ಒಂದು ರಾತ್ರಿ ಮಲಗಿ ಎಷ್ಟೋ ವರ್ಷಗಳಾಗಿದ್ದವು. ಕಾರಣ ನನ್ನ ಗಂಡ. ಅವರು ಕುಡಿಯುತ್ತಿದ್ದರು. ಕೊನೆಯ ಸಲ ನಾನು ತವರಿನಲ್ಲಿ ಉಳಿದದ್ದು ತಮ್ಮನ ಮಗುವಿನ ನಾಮಕರಣಕ್ಕೆ. ಮರುದಿನ ವಾಪಸ್ಸು ಬಂದು ನೋಡಿದರೆ ಹಾಲಿನ ಪಾತ್ರೆ ಒಲೆಯ ಮೇಲೆ ಕರಿಕಲಾಗಿತ್ತು, ಗ್ಯಾಸ್ ಉರಿಯುತ್ತಲೇ ಇತ್ತು, ಇವರು ಅಡಿಗೆಮನೆಯ ಹೊಸಿಲಿಗೆ ತಲೆಯಿಟ್ಟು ಮಲಗಿದ್ದರು. ಪುಣ್ಯಕ್ಕೆ ಮನೆ ಉಳಿದಿತ್ತು, ಇವರೂ ಉಳಿದಿದ್ದರು. ಇವರೊಬ್ಬರನ್ನೇ ಬಿಟ್ಟು ಇನ್ನೆಲ್ಲಿಯೂ ತಂಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಅವ್ವ ಷರತ್ತು ಹಾಕುವ ಹೊತ್ತಿಗೆ ಇವರು ಕುಡಿತ ಬಿಟ್ಟಿದ್ದರು. ಲಿವರ್ ಕೈಕೊಟ್ಟು, ಆಸ್ಪತ್ರೆಯಲ್ಲಿ ಮಲಗಿ, ಡಾಕ್ಟರಿಂದ ಉಗಿಸಿಕೊಂಡು ಬಿಟ್ಟಿದ್ದರು. ಬಿಟ್ಟಿದ್ದೇನೆ ಎಂದು ಅವರು ಹೇಳುತ್ತಿದ್ದರು, ಹೌದು ಎಂದು ನಾನೂ ಹೇಳುತ್ತಿದ್ದೆ. ಆದರೆ ಸಂಜೆ ಅವರು ಕಾರ್ಖಾನೆಯ ಬಸ್ಸಿಳಿದು ಬಂದಾಗ ಟಿಫಿನ್ ಕ್ಯಾರಿಯರ್ ಇಸಿದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಮೂಸುತ್ತಿದ್ದೆ. ಇದು ಅವರಿಗೂ ಗೊತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದು "ಹಾ" ಅನ್ನುತ್ತಿದ್ದರು. ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು.

ಕುಡಿತ ಬಿಟ್ಟವರ ಕಷ್ಟ ಕುಡಿತವಲ್ಲ, ಸಂಜೆ. ಕಾಫಿ ಮುಗಿದ ಮೇಲೆ ಇವರಿಗೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ನಡುಮನೆಗೆ ಓಡಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು, ಸಂಜೆ ಹೊತ್ತು ಉತ್ತರಪತ್ರಿಕೆ ತಿದ್ದುವುದಿರುತ್ತಿತ್ತು. "ಒಂದು ಕಡೆ ಕೂತ್ಕೊಳ್ರೀ, ತಲೆ ಸುತ್ತುತ್ತೆ," ಎಂದು ರೇಗುತ್ತಿದ್ದೆ. ಹಾಗಿರುವಾಗ ಅವರ ಜೊತೆ ಕೆಲಸ ಮಾಡುವವರೊಬ್ಬರು ಮನೆ ಬದಲಾಯಿಸುವಾಗ ಮೀನಿನ ಗಾಜಿನ ತೊಟ್ಟಿಯೊಂದನ್ನು ಸುಮ್ಮನೆ ಕೊಟ್ಟರು. ಇವರು ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಬನ್ನಿಮಂಟಪದ ಕಡೆ ಒಂದು ಅಂಗಡಿಯಿಂದ ಗಪ್ಪಿ ಮೀನು, ನೀರಿನೊಳಗೆ ಬೆಳೆಯುವ ಗಿಡ ತಂದು ನೆಟ್ಟರು. ಮೀನು ಬದುಕಿದವು, ಗಿಡಗಳು ಹಳದಿಯಾಗಿ ಕೊಳೆತವು. ಮತ್ತೆ ತಂದರು, ಮತ್ತೆ ಕೊಳೆತವು.

"ಗಿಡಕ್ಕೆ ಗ್ಯಾಸ್ ಬೇಕಂತೆ," ಎಂದು ಒಂದು ದಿನ ಅಂಗಡಿಯಿಂದ ಬಂದವರು ಹೇಳಿದರು.

"ಅಡಿಗೆಗೇ ಸಿಲಿಂಡರ್ ಬರೋದು ಲೇಟು. ಗಿಡಕ್ಕೂ ಬೇರೆ ಬುಕ್ ಮಾಡ್ಬೇಕಾ?"

"ಆ ಗ್ಯಾಸಲ್ಲ ಕಣೇ. ಕಾರ್ಬನ್ ಡೈಆಕ್ಸೈಡು. ನಾವು ಉಸಿರು ಬುಡ್ತೀವಲ್ಲ, ಅದು."

"ಹಂಗಾದ್ರೆ ತೊಟ್ಟಿ ಮುಂದೆ ಕೂತು ಉಸಿರು ಬಿಡಿ. ಬಿಟ್ಟಿಗೆ ಸಿಗುತ್ತೆ."

ಅವರು ನಗಲಿಲ್ಲ. ದೊಡ್ಡವರು ಅದಕ್ಕೂ ಸಿಲಿಂಡರ್ ಇಟ್ಟುಕೊಳ್ಳುತ್ತಾರಂತೆ, ನಮ್ಮಂಥವರಿಗೆ ಮನೆಯಲ್ಲೇ ಮಾಡಿಕೊಳ್ಳುವ ದಾರಿಯನ್ನು ಅಂಗಡಿಯವನು ಹೇಳಿಕೊಟ್ಟಿದ್ದ. ಖಾಲಿಯಾದ ಕೂಲ್‌ಡ್ರಿಂಕ್ ಬಾಟ್ಲಿಯಲ್ಲಿ ಸಕ್ಕರೆ, ನೀರು, ಬೇಕರಿಯವರು ಬನ್ನಿಗೆ ಹಾಕುವ ಈಸ್ಟ್ ಒಂದು ಚಿಟಿಕೆ ಹಾಕಬೇಕು. ಮುಚ್ಚಳಕ್ಕೆ ತೂತು ಕೊರೆದು, ಪೈಪು ಸಿಕ್ಕಿಸಿ, ಅಂಟು ಹಾಕಿ, ಪೈಪಿನ ಇನ್ನೊಂದು ತುದಿಯನ್ನು ತೊಟ್ಟಿಯೊಳಗೆ ಇಳಿಬಿಡಬೇಕು. ಈಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಅದರ ಜೊತೆಗೆ ಇನ್ನೇನನ್ನು ಬಿಡುತ್ತದೆ ಎಂದು ಅಂಗಡಿಯವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ನನಗೆ ಸಂಧಿ ಸಮಾಸ ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ.

ಪೈಪು ಯಾವುದು ಅಂದರೆ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಡ್ರಿಪ್ ಹಾಕುವ ಪೈಪು. ಅಂಥದೇ ಪೈಪನ್ನು ಅವರ ಕೈಗೆ ಚುಚ್ಚಿದ್ದಾಗ, ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಹನಿ ಬೀಳುವುದನ್ನೇ ನೋಡುತ್ತಿದ್ದವಳು ನಾನು. ಆಗ ಹನಿ ಕೆಳಗೆ ಬೀಳುತ್ತಿತ್ತು. ಈಗ ಗುಳ್ಳೆ ಮೇಲಕ್ಕೆ ಹೋಗುತ್ತಿತ್ತು. ಅದರ ಪುಟ್ಟ ಚಕ್ರವನ್ನು ತಿರುಗಿಸಿ ಗುಳ್ಳೆಯ ವೇಗ ಸರಿಮಾಡುವುದರಲ್ಲಿ ಇವರು ಎಂಥ ನರ್ಸನ್ನೂ ಮೀರಿಸುತ್ತಿದ್ದರು. ಕಾಫಿ ಕುಡಿದು ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಮನೆಯಲ್ಲಿ ಓಡಾಟ ನಿಂತಿತು. ಅಷ್ಟು ಸಾಕಪ್ಪಾ ಅಂದುಕೊಂಡೆ.

ಆದರೆ ಸಕ್ಕರೆ ಡಬ್ಬ ಬರಿದಾಗತೊಡಗಿತು. "ಇನ್ಮೇಲೆ ನನ್ನ ಸಕ್ಕರೆ ಮುಟ್ಟಿದ್ರೆ ನೋಡಿ," ಎಂದು ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾತು ಮೀರುವವರಲ್ಲ ಅವರು. ಸಕ್ಕರೆ ಮುಟ್ಟಲಿಲ್ಲ. ಅಟ್ಟದ ಮೇಲಿದ್ದ ಬೆಲ್ಲದ ಅಚ್ಚುಗಳನ್ನು ಇಳಿಸಿಕೊಂಡರು.

ಅದೊಂದು ಶನಿವಾರ. ಅವರಿಗೆ ರಜೆ, ನನಗೆ ಅರ್ಧ ದಿನ ಸ್ಕೂಲು. ಬಾಗಿಲು ತೆಗೆಯುತ್ತಿದ್ದಂತೆ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಅದು ಅಂಗಡಿಯ ಬ್ರಾಂದಿ ವಾಸನೆಯಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಹೊರಗಿನ ತೋಪಿನಲ್ಲಿ ಯಾರೋ ಮಡಕೆ ಹೂತು ಕಳ್ಳಭಟ್ಟಿ ಮಾಡುತ್ತಿದ್ದರು. ಅಬಕಾರಿಯವರು ಜೀಪಿನಲ್ಲಿ ಬಂದು ಬೆಲ್ಲದ ಕೊಳೆಯನ್ನು ರಸ್ತೆಗೆ ಚೆಲ್ಲಿದ್ದರು. ಊರೆಲ್ಲ ನಾರಿತ್ತು. ಕೊಳೆ ಅಂದರೆ ಸಾರಾಯಿ ಕಾಯಿಸುವುದಕ್ಕೆ ಬೆಲ್ಲ ಕೊಳೆಹಾಕಿದ ನೀರು. ಆ ವಾಸನೆ ಈಗ ನನ್ನ ನಡುಮನೆಯಲ್ಲಿತ್ತು.

ತೊಟ್ಟಿಯ ನೀರು ಗಂಜಿಯಾಗಿತ್ತು. ಗಪ್ಪಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನನ್ನ ಗಂಡ ಒದ್ದೆ ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದರು, ಕಣ್ಣು ಕೆಂಪಗಿತ್ತು, ಮುಂದೆ ಬಕೆಟ್ಟು, ಪಕ್ಕದಲ್ಲಿ ಬಾಟ್ಲಿ.

"ಹಾ ಅನ್ನಿ," ಎಂದೆ.

"ಹಾ," ಎಂದರು. ಬಾಯೂ ನಾರುತ್ತಿತ್ತು.

"ನಾನು ಕುಡ್ದಿಲ್ಲ ಕಣೇ. ಬಾಟ್ಲಿ ಉಕ್ಕಿ ನೊರೆಯೆಲ್ಲ ತೊಟ್ಟಿಗೆ ಬಂದ್ಬುಡ್ತು. ನೀರು ತೆಗಿಯೋಣ ಅಂತ ಪೈಪಿಗೆ ಬಾಯಿಟ್ಟು ಎಳ್ದೆ. ತೊಟ್ಟಿ ನೀರು ಬಾಯಿಗೆ ಬಂತು."

ಸಂಸಾರ ಮಾಡಿದಷ್ಟು ವರ್ಷವೂ ನಾನು ಇಂಥವನ್ನು ಕೇಳುತ್ತ ಬಂದವಳು. ಯಾರೋ ಗೆಳೆಯ ಅಂಗಿಯ ಮೇಲೆ ಚೆಲ್ಲಿದ, ಕೆಮ್ಮಿನ ಔಷಧಿ ಕುಡಿದೆ, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡೆ. ತೊಟ್ಟಿ ನೀರು ಹೊಸದು. ನಾನು ಬ್ಯಾಗನ್ನೂ ಕೆಳಗಿಡದೆ ತಮ್ಮನಿಗೆ ಫೋನ್ ಮಾಡಿದೆ. "ಬಾ. ನಿಮ್ಮ ಭಾವ ಈಗ ಮನೇಲೇ ಭಟ್ಟಿ ಇಳಿಸ್ತಾ ಇದಾರೆ," ಎಂದೆ. ಅವ್ವನ ಕಣ್ಣಿಗೆ ಇನ್ನು ನನ್ನನ್ನು ಕಾಯಬೇಡ ಎಂದು ಹೇಳಿಬಿಡಬೇಕೆಂದುಕೊಂಡೆ. ಅಳು ಬಂತು, ಅದಕ್ಕೂ ಸಿಟ್ಟು ಬಂತು.

ತಮ್ಮ ಬೈಕಿನಲ್ಲಿ ಬಂದ. ಹಬ್ಬ ಹುಣ್ಣಿಮೆಗೆ ತಗೊಳ್ಳುವವನು. ನಮ್ಮ ಮನೆತನದಲ್ಲಿ ಆ ವಿಷಯಕ್ಕೆ, ಭಾವ ನಿವೃತ್ತರಾದ ಮೇಲೆ, ಅವನೇ ತಜ್ಞ. ಬಾಟ್ಲಿಯನ್ನು ಬೆಳಕಿಗೆ ಹಿಡಿದ, ಮೂಸಿದ, ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ನಾಲಗೆಗೆ ಹಚ್ಚಿದ. ನಾವಿಬ್ಬರೂ ಅವನ ಮುಖವನ್ನೇ ನೋಡುತ್ತ ನಿಂತಿದ್ದೆವು.

"ಅಕ್ಕ, ಕೊಳೆನೇ. ಅನುಮಾನ ಇಲ್ಲ," ಎಂದ. ಇವರ ಮುಖ ಇಳಿದುಹೋಯಿತು. "ಆದ್ರೆ ಇದ್ನ ಯಾವನೂ ಕುಡ್ಯಕ್ಕಾಗಲ್ಲ. ಥೂ. ಭಾವ ಇದ್ನ ಕುಡ್ದಿದ್ರೆ ಇಷ್ಟೊತ್ಗೆ ಇಲ್ಲಿ ಕೂತಿರೋರಾ? ಕಕ್ಕಸಲ್ಲಿರೋರು."

ಖಾತ್ರಿಗೆಂದು ಇನ್ನೊಂದು ಗುಟುಕು ಕುಡಿದು, ನನ್ನ ಕೈಯ ಅನ್ನ ಉಂಡು ಹೋದ. ಅವನ ಮಾತು ಎಷ್ಟು ನಿಜ ಎಂಬುದು ಮರುದಿನ ಅವನ ಹೆಂಡತಿ ಫೋನ್ ಮಾಡಿದಾಗ ತಿಳಿಯಿತು. "ಅತ್ತಿಗೆ, ನಿಮ್ಮನೇಲಿ ಏನ್ ತಿಂದ್ರು ಇವ್ರು?" ಎಂದಳು.

ತಜ್ಞರು ಬಿಡುಗಡೆ ಮಾಡಿದರೂ ನಾನು ಬಿಡಲಿಲ್ಲ. "ಕುಡೀದೆ ಇದ್ರೆ ಸರಿ. ಆದ್ರೆ ಈ ಮನೇಲಿ ಇದು ಬೇಡ. ಎಸೀರಿ," ಎಂದೆ.

"ಎಸಿ ಅಂದ್ರೆ ಎಸೀತೀನಿ," ಎಂದರು. ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, "ಸಂಜೆ ಏಳರಿಂದ ಒಂಬತ್ತರಗಂಟ ಏನ್ ಮಾಡ್ಲಿ, ಅದೊಂದು ಹೇಳ್ಬುಡು," ಎಂದರು.

ಜಗಳದ ಮಾತಲ್ಲ ಅದು. ನಿಜವಾಗಿ ಕೇಳುತ್ತಿದ್ದರು.

ಸಾರಾಯಿಯಾಗದ ದಾರಿಯೂ ಒಂದಿದೆಯಂತೆ, ನಿಂಬೆ ಉಪ್ಪು ಮತ್ತು ಅಡಿಗೆ ಸೋಡಾದ್ದು. ಅದಕ್ಕೆ ಗಟ್ಟಿ ಲೋಹದ ಮುಚ್ಚಳ, ನಲ್ಲಿ ಎಲ್ಲ ಬೇಕು. ಇವರು ಅದಿಲ್ಲದೆಯೇ ಮಾಡಿದರು. ಬಾಟ್ಲಿ ದೀಪಾವಳಿ ಪಟಾಕಿಯ ಹಾಗೆ ಸಿಡಿಯಿತು. ಮುಚ್ಚಳ ಹೋಗಿ ಸೂರಿಗೆ ಬಡಿದ ಗುರುತು ಈಗಲೂ ಇದೆ. ಎದುರುಮನೆಯವರು ಸಿಲಿಂಡರ್ ಹೋಯಿತೆಂದು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿಬಂದಿದ್ದರು. ಹೀಗೆ ನಾವು ಸಕ್ಕರೆಗೇ ವಾಪಸ್ಸಾದೆವು, ಆದರೆ ನನ್ನ ಕಾನೂನಿನ ಕೆಳಗೆ. ಬಾಟ್ಲಿ ತೆರೆಯುವವಳು ನಾನು, ಹಳೆಯದನ್ನು ಬಚ್ಚಲಿಗೆ ಚೆಲ್ಲುವವಳು ನಾನು, ಹೊಸದನ್ನು ಕಲಸುವವಳು ನಾನು. ವಾಸನೆ ಹೋಗುವ ತನಕ ಅವರು ಗೇಟಿನ ಆಚೆ ನಿಂತಿರಬೇಕು.

ನಿಲ್ಲುತ್ತಿದ್ದರು. ಒಂದು ದಿನ ನಾನು ಒಳಗೆ ಬಾಟ್ಲಿ ತೊಳೆಯುತ್ತಿದ್ದಾಗ, ಎದುರುಮನೆಯವರು ಕೇಳುವುದು ಕಿಟಕಿಯಿಂದ ಕೇಳಿಸಿತು.

"ಯಾಕ್ ಸಾರ್, ಆಚೆ ನಿಂತ್ಕಂಡಿದೀರಾ?"

"ಒಳಗೆ ನಮ್ಮನೆಯವ್ರು ಬಾಟ್ಲಿ ಓಪನ್ ಮಾಡ್ತಾವ್ರೆ," ಎಂದರು ಇವರು, ಇದ್ದದ್ದು ಇದ್ದ ಹಾಗೆ.

ಮಾರನೆಯ ದಿನದಿಂದ ಆ ಬೀದಿಯ ಹೆಂಗಸರು ನನ್ನನ್ನು ನೋಡುವ ನೋಟವೇ ಬೇರೆಯಾಯಿತು. ಇವರಿಗೆ ಮಾತ್ರ ಎಲ್ಲರೂ ಎಂದಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದರು. ಪಾಪ, ಎಂಥಾ ಒಳ್ಳೆ ಮನುಷ್ಯ, ಹೆಂಡತಿಯಿಂದ ಎಷ್ಟು ಅನುಭವಿಸಿದಾರೆ ಅಂತ.

ಬೈದುಕೊಂಡೇ ಮಾಡಿದೆನಾದರೂ ನನ್ನ ಕೈಗುಣ ಚೆನ್ನಾಗಿತ್ತು. ದೋಸೆ ಹಿಟ್ಟು ಹುಳಿ ಬರಿಸಿದ ಕೈ ಇದು, ನೀರು ಎಷ್ಟು ಬೆಚ್ಚಗಿರಬೇಕೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಗುಳ್ಳೆಗಳು ಒಂದರ ಹಿಂದೆ ಒಂದು ಹದವಾಗಿ ಬಂದವು. ಗಿಡಗಳು ಚಿಗುರಿದವು, ಕೊಳೆಯಲಿಲ್ಲ. ಒಂದು ಸಂಜೆ ಅವರು ಕೂಗಿದರು. "ಬಾರೇ ಇಲ್ಲಿ, ಬೇಗ ಬಾ."

"ಒಲೆ ಮೇಲೆ ಸಾರಿದೆ."

"ಸಾರು ಎಲ್ಲಿಗೂ ಓಡೋಗಲ್ಲ, ಬಾ."

ಹೋಗಿ ನೋಡಿದೆ. ಎಲೆಗಳ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಹುಟ್ಟಿ ಮೇಲೆ ಹೋಗುತ್ತಿದ್ದವು. ಪೈಪಿನವಲ್ಲ, ಗಿಡದವೇ. "ನೋಡೇ, ಉಸಿರು ಬುಡ್ತಾ ಅದೆ," ಎಂದರು. ಆ ಮುಖವನ್ನು ನಾನು ನಮ್ಮ ಮದುವೆಯಾದ ಹೊಸತರಲ್ಲಿ ಕಂಡಿದ್ದೆ, ಆಮೇಲೆ ಕಂಡಿರಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಸಾರು ಉಕ್ಕಿ ಒಲೆ ಆರಿತು. ಯಾರನ್ನೂ ಬೈಯಲಿಲ್ಲ.

ಬೇಸಿಗೆ ರಜೆ ಬಂದ ಮೇಲೆ ಅವ್ವನನ್ನು ತಮ್ಮ ಮತ್ತೆ ಡಾಕ್ಟರಿಗೆ ತೋರಿಸಿದ. ಪೊರೆ ಗಟ್ಟಿಯಾಗುತ್ತಿದೆ, ಇನ್ನೂ ತಡಮಾಡಿದರೆ ಕಷ್ಟ ಎಂದು ಡಾಕ್ಟರು ಬೈದು ದಿನ ಗೊತ್ತುಮಾಡಿದರು. ಅವ್ವ ಫೋನಿನಲ್ಲಿ ಹಳೆಯ ಷರತ್ತನ್ನೇ ಹೇಳಿ ಇಟ್ಟಳು. ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತೆ. ಇವರು ತೊಟ್ಟಿಯ ಕಡೆಗೇ ಮುಖ ಮಾಡಿಕೊಂಡು, "ಹೋಗ್ಬಾ," ಎಂದರು. "ಹೆಂಗೆ ಹೋಗ್ಲಿ?" ಎಂದೆ. ಅವರು ಪೈಪಿನ ಚಕ್ರ ತಿರುಗಿಸತೊಡಗಿದರು.

ಅವ್ವನ ಕಣ್ಣು ಹೋದರೆ ಆ ಪಾಪ ನನ್ನ ತಲೆಗೆ. ಹೊರಟೆ. ಹೊರಡುವ ಹಿಂದಿನ ದಿನ ಬಾಟ್ಲಿ ಬದಲಾಯಿಸಿದೆ. ನಾನು ಬರುವವರೆಗೂ ಬಾಳುವಷ್ಟು ಸಕ್ಕರೆ ಹಾಕಿ, ಮುಚ್ಚಳವನ್ನು ಮೈಶಕ್ತಿಯೆಲ್ಲ ಹಾಕಿ ತಿರುಗಿಸಿ, "ಇದನ್ನ ಮುಟ್ಟೋ ಪ್ರಮೇಯವೇ ಬರಲ್ಲ," ಎಂದೆ. ಅವರು ಬಸ್‌ಸ್ಟಾಪಿನವರೆಗೂ ಬ್ಯಾಗು ಹಿಡಿದುಕೊಂಡು ಬಂದರು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನವೇ ಪಟ್ಟಿ ಬಿಚ್ಚಿ ಕರಿ ಕನ್ನಡಕ ಹಾಕಿ ಮನೆಗೆ ಕಳಿಸಿದರು. ಅವ್ವ ಆ ಕನ್ನಡಕದಲ್ಲಿ ಮಂಚದ ಮೇಲೆ ಕೂತು ಇಡೀ ಮನೆಯನ್ನು ಆಳತೊಡಗಿದಳು. ನಾನು ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುತ್ತಿದ್ದೆ, ಹೊತ್ತು ಹೊತ್ತಿಗೆ ಮನೆಗೆ ಫೋನ್ ಮಾಡುತ್ತಿದ್ದೆ. ಫೋನಿನಲ್ಲಿ ವಾಸನೆ ಬರುವುದಿಲ್ಲ. ಒಂದು ಮಾತು ತೊದಲಿದರೂ ಸಾಕು, ಎದ್ದು ಓಡುವವಳೇ. ನನ್ನ ಸೀರೆಗಳನ್ನು ಬ್ಯಾಗಿನಿಂದ ಹೊರಗೂ ತೆಗೆದಿರಲಿಲ್ಲ.

ನನ್ನ ಲೆಕ್ಕದಲ್ಲಿ ಬಿಸಿಲು ಸೇರಿರಲಿಲ್ಲ. ಆ ವರ್ಷ ಮೈಸೂರಿನಲ್ಲಿ ಎಂಥಾ ಸೆಖೆ ಅಂದರೆ ಸಂಜೆ ಮಾಡಿಟ್ಟ ಅನ್ನ ಬೆಳಿಗ್ಗೆಗೆ ಹಳಸುತ್ತಿತ್ತು. ಈಸ್ಟಿಗೆ ಅದು ಹಬ್ಬ, ಸಕ್ಕರೆಯನ್ನೆಲ್ಲ ಬೇಗ ತಿಂದು ಮುಗಿಸಿತ್ತು. ವಾರ ತುಂಬುವ ಮೊದಲೇ, ಅವ್ವನ ಸಂಜೆಯ ಡ್ರಾಪ್ಸಿನ ಹೊತ್ತಿಗೆ ಇವರ ಫೋನ್ ಬಂತು.

"ಗುಳ್ಳೆ ನಿಂತೋಯ್ತು ಕಣೇ."

ತಮ್ಮ ಅಲ್ಲೇ ಇದ್ದ. "ಗುಳ್ಳೆ ನಿಂತಿತಂತೆ, ನೀನು ಹೋಗಿಬರ್ತೀಯಾ?" ಎಂದು ಅವನ ಕಡೆ ನೋಡಿದೆ. "ಅಕ್ಕ, ಕೈ ಮುಗೀತೀನಿ, ನಂಗೆ ಆ ಬಾಟ್ಲಿ ಸಾವಾಸ ಬ್ಯಾಡ," ಎಂದು ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಎದ್ದುಹೋದ. ಬಸ್ಸು ಹಿಡಿದು ನಾನೇ ಹೋಗಿಬರಬಹುದಿತ್ತು. ಹಾಗೇ ಬಿಡಿ, ಸತ್ತರೆ ಗಿಡ ಸಾಯಲಿ ಎನ್ನಬಹುದಿತ್ತು. ಎರಡೂ ಬಾಯಿ ತುದಿಗೆ ಬಂದವು.

"ನೀನು ಬ್ಯಾಡ ಅಂದ್ರೆ ಮುಟ್ಟಲ್ಲ," ಎಂದರು.

"ನೀವೇ ಬದಲಾಯಿಸಿ," ಎಂದೆ. ಹಾಗಂದು ಫೋನಿಟ್ಟ ಮೇಲೆ ಅಯ್ಯೋ ಅನ್ನಿಸಿತು.

ಅವ್ವನಿಗೆ ಡ್ರಾಪ್ಸ್ ಹಾಕಲು ಹೋದೆ. ಹನಿ ಅವಳ ಕೆನ್ನೆಗೆ ಬಿತ್ತು. "ನಿನ್ ತಮ್ಮನ್ನೇ ಕರಿ, ಅವ್ನೇ ವಾಸಿ," ಎಂದಳು. ಎರಡನೆಯ ಸಲ ಸರಿಯಾಗಿ ಬಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತೆ. ಬಾಟ್ಲಿ ಬದಲಾಯಿಸುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅತ್ತಿಗೆಗೆ ಬೇಕೇನೋ ಎಂದು ತಮ್ಮನ ಹೆಂಡತಿ ಕಾಫಿ ತಂದಿಟ್ಟಳು. ಅದು ಆರಿ ಕೆನೆ ಕಟ್ಟಿತು.

ಕೊನೆಗೆ ಫೋನ್ ಬಂತು.

"ಆಯ್ತು," ಎಂದರು.

"ಹಳೇದು?"

"ಬಚ್ಚಲಿಗೆ ಚೆಲ್ದೆ."

ನಾನು ಕಿವಿಗೊಟ್ಟು ಕೇಳಿದೆ. ಮಾತು ತೊದಲುತ್ತಿರಲಿಲ್ಲ. ಅವರೇ ಮುಂದುವರಿದರು.

"ಮುಚ್ಚಳ ತೆಗೆದೇಟಿಗೆ ಬಾಯಲ್ಲಿ ನೀರು ಬಂದ್ಬುಡ್ತು ಕಣೇ. ಸುಳ್ಳು ಹೇಳಲ್ಲ. ಬಚ್ಚಲಲ್ಲಿ ಅದನ್ನ ಹಿಡ್ಕಂಡು ನಿಂತೇ ಇದ್ದೆ, ಇಷ್ಟೊತ್ತೂ. ಆಮೇಲೆ ಚೆಲ್ಬುಟ್ಟೆ."

ಕುಡಿದಿಲ್ಲ ಎಂಬ ಮಾತನ್ನು ಅವರು ನನಗೆ ಜೀವಮಾನವೆಲ್ಲ ಹೇಳಿದ್ದರು, ನಾನು ಒಂದು ಸಲವೂ ನಂಬಿರಲಿಲ್ಲ. ಕುಡಿಯಬೇಕು ಅನ್ನಿಸಿತು ಎಂದು ಹೇಳಿದ್ದು ಅದೇ ಮೊದಲು. ಕೇಳಿದ ಕೂಡಲೇ ನಂಬಿಬಿಟ್ಟೆ.

"ಊಟ ಮಾಡಿ," ಎಂದೆ. "ಮಾಡ್ತೀನಿ," ಎಂದರು. "ನಾನು ಇನ್ನೆರಡು ದಿನ ಜಾಸ್ತಿ ಇದ್ದು ಬರ್ಲಾ?" ಎಂದು ಕೇಳಿದೆ. ಕೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು. ಆ ಕಡೆ ಅವರು ಮೂಗೆಳೆದುಕೊಂಡದ್ದು ಕೇಳಿಸಿತು. "ಇರು," ಎಂದರು. "ನಿಧಾನಕ್ಕೆ ಬಾ."

ಫೋನಿಟ್ಟು, ಬ್ಯಾಗಿನಿಂದ ಸೀರೆಗಳನ್ನು ತೆಗೆದು ಅವ್ವನ ಬೀರುವಿನಲ್ಲಿ ಜೋಡಿಸತೊಡಗಿದೆ. ಅವಳು ಮಂಚದ ಮೇಲೆ ಮಲಗಿದ್ದವಳು ತಲೆಯೆತ್ತಿ ಇತ್ತ ತಿರುಗಿದಳು.

"ಏನಂತೆ?"

"ಏನಿಲ್ಲ ಕಣವ್ವ. ಗಿಡದ ವಿಷಯ."

"ಗಿಡದ ವಿಷಯಕ್ಕೆ ಅಳ್ತಾರಾ?"

"ಯಾರು ಅಳ್ತಾವ್ರೆ? ನಿಂಗೆ ಕಣ್ಣು ಕಾಣ್ಸಲ್ಲ, ಸುಮ್ನೆ ಮಲಕ್ಕೊ."

ಅವ್ವ ಕರಿ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ನನ್ನನ್ನೇ ನೋಡಿದಳು.

"ಕಾಣ್ತದೆ ಕಣಮ್ಮಿ ಈಗ," ಎಂದಳು.